ಕಂಬಿಯ ನಂಬರು ಪರೀಕ್ಷೆಯ ಮಾರ್ಕ್ಸ್ ಅಲ್ಲ

ಮನೆ ಕಟ್ಟಿಸುವಾಗ ಕಂಬಿ ಅಂಗಡಿಯಲ್ಲಿ ನಾವು ಕೇಳುವುದು ಎರಡೇ ಪ್ರಶ್ನೆ: ಯಾವ ಕಂಪನಿ? ರೇಟು ಎಷ್ಟು? ಅಂಗಡಿಯವರು "ಇದು 550, 500ಕ್ಕಿಂತ ಒಳ್ಳೇದು" ಅನ್ನುತ್ತಾರೆ. ನಾವು ತಲೆಯಾಡಿಸಿ ಟ್ರಾಕ್ಟರಿಗೆ ತುಂಬಿಸುತ್ತೇವೆ. ಆ ಮಾತು ಅರ್ಧ ಮಾತ್ರ ನಿಜ.

ಕಾಂಕ್ರೀಟಿಗೆ ಹಾಕುವ ಕಂಬಿಗೆ ನಮ್ಮ ದೇಶದಲ್ಲಿ ಐಎಸ್ 1786 ಎಂಬ ಮಾನದಂಡವಿದೆ. ಎಫ್‌ಇ 415, 500, 550, 600 ಎಂಬ ಗ್ರೇಡುಗಳು ಅದರಲ್ಲಿವೆ. ಎಫ್‌ಇ ಅಂದರೆ ಕಬ್ಬಿಣ. ಎಷ್ಟು ಬಲದವರೆಗೆ ಎಳೆದರೆ ಕಂಬಿ ಮತ್ತೆ ಮೊದಲಿನ ಉದ್ದಕ್ಕೆ ಬರುತ್ತದೆ ಎಂಬುದನ್ನಷ್ಟೇ ನಂಬರು ಹೇಳುತ್ತದೆ. ಆ ಮಿತಿ ದಾಟಿದ ಮೇಲೆ ತುಂಡಾಗುವ ಮೊದಲು ಎಷ್ಟು ಹಿಗ್ಗುತ್ತದೆ? ಅದಕ್ಕೆ ಪಕ್ಕದ 'ಡಿ' ಅಕ್ಷರ ನೋಡಬೇಕು.

ಎಫ್‌ಇ 500 ಕನಿಷ್ಠ ಶೇ 12ರಷ್ಟು ಹಿಗ್ಗಬೇಕು, 500ಡಿ ಶೇ 16ರಷ್ಟು. ಬರೀ 550 ಆದರೆ ಶೇ 10 ಸಾಕು, 550ಡಿ ಆದರೆ ಶೇ 14.5 ಬೇಕು. ಕಬ್ಬಿಣವನ್ನು ಪೆಡಸು ಮಾಡುವ ಗಂಧಕ, ರಂಜಕದ ಮಿತಿಯೂ ಡಿ ಕಂಬಿಗೆ ಬಿಗಿ. ಭೂಮಿ ನಡುಗಿದಾಗ ಹಿಗ್ಗುವ ಕಂಬಿ ಬಾಗುತ್ತದೆ, ಒಮ್ಮೆಲೇ ಮುರಿಯುವುದಿಲ್ಲ. ಒಳಗಿದ್ದವರಿಗೆ ಹೊರಗೆ ಬರಲು ಸಮಯ ಸಿಗುತ್ತದೆ.

ಇನ್ನು ಟಿಎಂಟಿ. ಅದು ಗ್ರೇಡೇ ಅಲ್ಲ. ಕೆಂಪಗೆ ಕಾದ ಕಂಬಿಗೆ ನೀರು ಹಾಯಿಸಿ ಹೊರಪದರ ಗಟ್ಟಿ ಮಾಡುವ ವಿಧಾನ ಅಷ್ಟೆ.

"ಹಳ್ಳಿ ಮನೆಗೆ ಇಷ್ಟೆಲ್ಲ ಯಾಕೆ?" ಅನ್ನುವವರಿದ್ದಾರೆ. ನಾವು ಒಪ್ಪುವುದಿಲ್ಲ. ಪಟ್ಟಣದ ದೊಡ್ಡ ಕಟ್ಟಡಕ್ಕೆ ಎಂಜಿನಿಯರ್ ಇರುತ್ತಾರೆ, ಲ್ಯಾಬ್ ಇರುತ್ತದೆ. ನಮ್ಮಲ್ಲಿ ಮೇಸ್ತ್ರಿಯೇ ಎಲ್ಲ. ಮೋಲ್ಡ್ ಹಾಕಿದ ಮೇಲೆ ಕಂಬಿ ಯಾರ ಕಣ್ಣಿಗೂ ಕಾಣುವುದಿಲ್ಲ. ಸಾಲ ಮಾಡಿ ಒಂದೇ ಸಲ ಮನೆ ಕಟ್ಟುವವರಿಗೇ ಈ ತಿಳಿವಳಿಕೆ ಹೆಚ್ಚು ಬೇಕು.

ಆದ್ದರಿಂದ ಕಂಬಿಯ ಮೇಲೆ ಐಎಸ್‌ಐ ಗುರುತು, ಗ್ರೇಡು ನೋಡಿ. ಬಿಲ್ಲಿನಲ್ಲಿ ಡಿ ಸಹಿತ ಗ್ರೇಡು ಬರೆಸಿ. ಪೀಸ್ ಲೆಕ್ಕದಲ್ಲಿ ಕೊಳ್ಳಬೇಡಿ, ತೂಗಿಸಿ. 12 ಮೀಟರ್ ಉದ್ದದ 12 ಎಂಎಂ ಕಂಬಿ ಸುಮಾರು 10.66 ಕೆಜಿ ತೂಗಬೇಕು. ಒಟ್ಟು ಲೋಡಿನಲ್ಲಿ ಶೇ 5ರಷ್ಟು ಹೆಚ್ಚುಕಡಿಮೆಗೆ ಅವಕಾಶವಿದೆ. ಅದಕ್ಕಿಂತ ಕಡಿಮೆ ಬಂದರೆ ವಾಪಸ್ ಕಳಿಸಿ.

ಗ್ರಾಮ ಪಂಚಾಯಿತಿಗಳಿಗೂ ಒಂದು ಮಾತು: ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿ ಅಂಟಿಸುವ ಗೋಡೆಯ ಮೇಲೆಯೇ ಈ ಗ್ರೇಡುಗಳ ಪಟ್ಟಿಯನ್ನೂ ಕನ್ನಡದಲ್ಲಿ ಬರೆಸಿ. ಮನೆ ಮಂಜೂರು ಮಾಡುವವರು ಅದರೊಳಗಿನ ಕಂಬಿಯ ಬಗ್ಗೆ ಬಾಯಿ ಮುಚ್ಚಿಕೊಂಡಿರುವುದು ಸರಿಯಲ್ಲ.