ಮಳೆಕಾಡಿನ ಕಿರುಪ್ರಾಣಿಗಳ ಗಣತಿ

ಅರಣ್ಯ ಸಂರಕ್ಷಣೆಯ ಮಾತು ಬಂದೊಡನೆ ವಿದ್ಯಾವಂತರ ದೃಷ್ಟಿ ಹುಲಿ ಆನೆಗಳ ಕಡೆಗೆ ಹರಿಯುವುದು ಸಹಜ. ಹುಲಿಗಳ ಎಣಿಕೆಯ ಫಲಿತಾಂಶ ಪತ್ರಿಕೆಗಳ ಮುಖಪುಟವನ್ನೇರುತ್ತದೆ. ಅದೇ ಕಾಡಿನ ತರಗೆಲೆಯಡಿಯಲ್ಲಿಯೂ ಮರದ ಪೊಟರೆಯಲ್ಲಿಯೂ ಬಾಳುವ ಇಲಿ, ಸುಂಡಿಲಿ, ಬಾವಲಿಗಳ ಲೆಕ್ಕವನ್ನು ಕೇಳುವವರು ವಿರಳ. ಜಗತ್ತಿನ ಸ್ತನಿ ಜಾತಿಗಳಲ್ಲಿ ನೂರಕ್ಕೆ ಸುಮಾರು 40 ದಂಶಕಗಳು, ಸುಮಾರು 20 ಬಾವಲಿಗಳು. ಇವನ್ನು ಬಿಟ್ಟ ಗಣತಿಯನ್ನು ಕಾಡಿನ ಗಣತಿಯೆಂದು ಹೇಗೆ ಕರೆಯುವುದು?

ಈ ಔದಾಸೀನ್ಯದಲ್ಲಿ ಭಾಷೆಯ ಪಾಲೂ ಒಂದಿಷ್ಟಿದೆ. ‘ಮೂಷಕ’ ಶಬ್ದದ ಧಾತುವಿಗೆ ಕದಿಯುವುದೆಂದೇ ಅರ್ಥ. ನಾಮಕರಣದಲ್ಲಿಯೇ ಕಳವಿನ ಆರೋಪ! ಕೀಟಗಳನ್ನು ತಿಂದು ಬದುಕುವ ಸುಂಡಿಲಿಯು ಇಲಿಯ ಕುಲದ್ದೇ ಅಲ್ಲ. ಆದರೂ ಸಂಸ್ಕೃತದಲ್ಲಿ ಅದು ಗಂಧಮೂಷಿ, ಕನ್ನಡದಲ್ಲಿಯೂ ಇಲಿ. ಬೆನ್ನಿನಲ್ಲಿ ಮುಳ್ಳುಗೂದಲು, ಬಾಲದ ತುದಿಯಲ್ಲಿ ಕುಚ್ಚು ಇರುವ ಮಲಬಾರಿನ ಮುಳ್ಳಿಲಿಯು ಪಶ್ಚಿಮಘಟ್ಟಗಳನ್ನು ಬಿಟ್ಟು ಬೇರೆಲ್ಲಿಯೂ ಇಲ್ಲ. ಮೆಣಸಿನ ಬಳ್ಳಿಯ ಒಡೆಯನಿಗೆ ಮಾತ್ರ ಅದೂ ಮತ್ತೊಂದು ಇಲಿ, ಅಷ್ಟೆ.

ಹೀಗೆ ಒಂದೇ ಹೆಸರಿನಲ್ಲಿ ಎಲ್ಲವನ್ನೂ ಕಟ್ಟಿಹಾಕುವುದು ನಿರಪಾಯಕರವಾದ ಅಭ್ಯಾಸವಲ್ಲ. 1948ರಲ್ಲಿ ಆಂಗಸ್ ಹಟನ್ ಎಂಬವರು ತಮಿಳುನಾಡಿನ ಮೇಘಮಲೆಯಲ್ಲಿ ಒಂದು ಹಣ್ಣುಬಾವಲಿಯನ್ನು ಸಂಗ್ರಹಿಸಿದರು. ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಂಗ್ರಹದಲ್ಲಿ ಅದು ಸಾಮಾನ್ಯ ಬಾವಲಿಯೊಂದರ ಹೆಸರು ಹೊತ್ತು 24 ವರ್ಷ ಉಳಿಯಿತು. 1972ರಲ್ಲಿ ಥಾಯ್ಲೆಂಡಿನ ವಿದ್ವಾಂಸ ಕಿಟ್ಟಿ ಥಾಂಗ್‌ಲಾಂಗ್ಯ ಅದು ಹೊಸ ಕುಲದ, ಹೊಸ ಜಾತಿಯ ಪ್ರಾಣಿಯೆಂದು ಗುರುತಿಸಿ ಸಲೀಂ ಅಲಿಯವರ ಹೆಸರನ್ನಿತ್ತರು. ಅದೇ ವರ್ಷದ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಇಲಿಗಳನ್ನೂ ಹಣ್ಣುಬಾವಲಿಗಳನ್ನೂ ಕಾಗೆಯೊಡನೆ ಸೇರಿಸಿ ಉಪದ್ರವಕಾರಿಗಳ ಪಟ್ಟಿಯಲ್ಲಿ ಇರಿಸಿತು! ಮುಂದೆ ಸಲೀಂ ಅಲಿ ಬಾವಲಿಗೆ ಪ್ರಥಮ ಅನುಸೂಚಿಯ ರಕ್ಷಣೆ ದೊರೆತುದು ಯಾರೋ ಒಬ್ಬರು ಅದನ್ನು ಬೇರ್ಪಡಿಸಿ ಹೆಸರಿಸಿದ್ದರಿಂದಲೇ. ಆ ಪಟ್ಟಿಯು ಕಾಯಿದೆಯಿಂದ ಮರೆಯಾಗಲು 2022ರ ತಿದ್ದುಪಡಿಯೇ ಬರಬೇಕಾಯಿತು.

ಬೆಳಗಾವಿ ಜಿಲ್ಲೆಯ ತಳೇವಾಡಿಯ ಸಮೀಪದ ಬಾರಾಪೇಡೆ ಗವಿಯ ಬಾವಲಿಯ ಕಥೆ ಇನ್ನಷ್ಟು ಹತ್ತಿರದ್ದು. 1913ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಈ ಪ್ರಾಣಿಗೆ ದಶಕಗಳ ಕಾಲ ಲೋಕದಲ್ಲಿ ತಿಳಿದಿದ್ದ ನೆಲೆ ಆ ಗವಿಯೊಂದೇ.

ಇಂತಹ ಸಮೀಕ್ಷೆಗೆ ಬೇಕಾದ ಉಪಕರಣಗಳು ಸರಳ, ತಾಳ್ಮೆ ಅಪಾರ. ಮಡಚಬಹುದಾದ ತಗಡಿನ ಬೋನಿನಲ್ಲಿ ಕಡಲೆಕಾಯಿಯನ್ನೋ ಕೊಬ್ಬರಿಯನ್ನೋ ಇಟ್ಟು ನೆಲದ ಮೇಲೂ ಕೊಂಬೆಗಳ ಮೇಲೂ ಹೂಡುತ್ತಾರೆ. ಸುಂಡಿಲಿಗಾಗಿ ನೆಲಮಟ್ಟಕ್ಕೆ ಬಕೆಟ್ಟುಗಳನ್ನು ಹೂಳುತ್ತಾರೆ. ಬಾವಲಿಗೆ ನವುರಾದ ಬಲೆ. ಕೊಂಬೆಯ ಬೋನನ್ನು ಮರೆತವರಿಗೆ ಮುಳ್ಳಿಲಿ ಸಿಕ್ಕದು. ಸಿಕ್ಕದುದನ್ನು ‘ಇಲ್ಲ’ ಎಂದು ಬರೆದುಬಿಡುವ ಅಪಾಯವೂ ಉಂಟು. 100 ಬೋನು 5 ರಾತ್ರಿ ಇಟ್ಟರೆ 500 ಬೋನುರಾತ್ರಿಗಳ ಲೆಕ್ಕ. ಈ ಲೆಕ್ಕವಿಲ್ಲದೆ ಎರಡು ಕಾಡುಗಳನ್ನು ಹೋಲಿಸುವುದು ಹುಸಿ. ಸುಂಡಿಲಿಯು ಕೆಲವೇ ಗಂಟೆ ಉಪವಾಸವಿದ್ದರೂ ಸಾಯಬಹುದು. ಆದುದರಿಂದ ಜಿಗಣೆ ಕಚ್ಚಲಿ, ಮಳೆ ಸುರಿಯಲಿ, ಬಕೆಟ್ಟುಗಳನ್ನು ಮತ್ತೆ ಮತ್ತೆ ನೋಡಲೇಬೇಕು. ಅಳೆದು, ತೂಗಿ, ಗುರುತು ಹಾಕಿ, ಹಿಡಿದಲ್ಲಿಯೇ ಬಿಡುವುದು ಕ್ರಮ. ಈ ಶ್ರಮವನ್ನು ಯಾವ ಪತ್ರಿಕೆಯೂ ಚಿತ್ರಿಸುವುದಿಲ್ಲ.

ಇಲಿಯನ್ನೆಣಿಸಿ ಮನುಷ್ಯನಿಗೇನು ಲಾಭವೆಂದು ಕೇಳುವವರು ಸೊರಬ ಸೀಮೆಯನ್ನು ನೆನೆಯಬೇಕು. 1957ರಲ್ಲಿ ಕ್ಯಾಸನೂರು ಅರಣ್ಯದಲ್ಲಿ ಮಂಗಗಳು ಸತ್ತವು. ಸುತ್ತಣ ಹಳ್ಳಿಗಳ ಜನ ಜ್ವರದಿಂದ ನರಳಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಮಂಗವೊಂದನ್ನೇ ನೋಡಿ ಸುಮ್ಮನಾಗಲಿಲ್ಲ. ಕಾಡಿನ ಇಲಿ ಸುಂಡಿಲಿಗಳನ್ನು ಹಿಡಿದು ಅವುಗಳ ಮೈಮೇಲಿನ ಉಣುಗುಗಳನ್ನು ಪರೀಕ್ಷಿಸಿದರು. ಎಳೆಯ ಉಣುಗುಗಳನ್ನು ಪೋಷಿಸುವವರಲ್ಲಿ ಈ ಕಿರುಪ್ರಾಣಿಗಳೂ ಸೇರಿವೆಯೆಂಬುದು ಆಗ ಗೋಚರವಾಯಿತು. ಮಂಗನ ಕಾಯಿಲೆ ಮಲೆನಾಡನ್ನು ಇಂದಿಗೂ ಬಿಟ್ಟಿಲ್ಲ.

ಒಮ್ಮೆ ಎಣಿಸಿ ವರದಿ ಮುದ್ರಿಸಿದರೆ ಕಾರ್ಯ ಮುಗಿಯಿತೆಂಬ ಭಾವನೆ ತೊಲಗಬೇಕು. ಕಾಡು ಕಾಫಿ ತೋಟಗಳ ನಡುವೆ ತುಂಡಾದ ಮೇಲೆ ಯಾವುದು ಉಳಿಯಿತು, ಯಾವುದು ಅಳಿಯಿತು ಎಂಬುದು ಅದೇ ಸ್ಥಳದಲ್ಲಿ, ಅದೇ ಋತುವಿನಲ್ಲಿ, ಅಷ್ಟೇ ಬೋನುಗಳಿಂದ ಮರಳಿ ಎಣಿಸಿದಾಗ ಮಾತ್ರ ತಿಳಿಯುವಂಥದು. ಮಲೆನಾಡಿನ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳು ಅರಣ್ಯ ಇಲಾಖೆಯ ಅನುಮತಿ ಪಡೆದು ಇದನ್ನು ಕೈಗೊಳ್ಳಬಹುದು. ದಾನಿಗಳು ಕಟ್ಟಡದ ಕಲ್ಲಿನ ಮೇಲೆ ಹೆಸರು ಕೆತ್ತಿಸುವ ಹಣದಲ್ಲಿ ಒಂದಂಶವನ್ನು ನೂರು ತಗಡಿನ ಬೋನುಗಳಿಗೂ, ಅವುಗಳ ದಿನಚರಿಯನ್ನು ಕೆಡದಂತೆ ಕಾಪಿಡುವ ಒಂದು ಬೀರುವಿಗೂ ಮೀಸಲಿಡಲಿ.