ಇದ್ದೂ ಸಿಗದ ಕನ್ನಡ: ಹೊರನಾಡ ಜಾಲತಾಣಗಳ ಮುಂದಿನ ಸವಾಲು

2021ರ ಜೂನ್ ಮೊದಲ ವಾರದ ಪ್ರಸಂಗವೊಂದು ಓದುಗರ ನೆನಪಿನಿಂದ ಇನ್ನೂ ಮಾಸಿರಲಾರದು. ಭಾರತದ ಅತ್ಯಂತ ಕುರೂಪ ಭಾಷೆ ಯಾವುದೆಂದು ಇಂಗ್ಲಿಷಿನಲ್ಲಿ ಕೇಳಿದವರಿಗೆ ಗೂಗಲ್ ಶೋಧಯಂತ್ರವು ಕನ್ನಡದ ಹೆಸರನ್ನು ಉತ್ತರವಾಗಿ ನೀಡಿತು. ಕನ್ನಡಿಗರು ಕೆರಳಿದರು. ಅಂದಿನ ಕನ್ನಡ ಮತ್ತು ಸಂಸ್ಕೃತಿ ಸಚಿವ ಅರವಿಂದ ಲಿಂಬಾವಳಿಯವರು ಕಾನೂನು ಕ್ರಮದ ಎಚ್ಚರಿಕೆ ನೀಡಿದರು. ಗೂಗಲ್ ಸಂಸ್ಥೆ ಆ ಉತ್ತರವನ್ನು ತೆಗೆದುಹಾಕಿ ಕ್ಷಮೆ ಯಾಚಿಸಿತು. ಅಲ್ಲಿಗೆ ಗದ್ದಲವೇನೋ ಅಡಗಿತು; ಆದರೆ ಅದು ಕಲಿಸಬೇಕಾಗಿದ್ದ ಪಾಠವನ್ನು ನಾವು ಕಲಿತೆವೆಯೇ?

ಯಂತ್ರಕ್ಕೆ ಯಾವ ಭಾಷೆಯ ಮೇಲೂ ದ್ವೇಷವಿಲ್ಲ, ಪ್ರೀತಿಯೂ ಇಲ್ಲ. ಕೇಳಿದ ಪ್ರಶ್ನೆಯ ಪದಗಳಿಗೆ ಹೊಂದುವ ಬರಹ ಯಾವ ಪುಟದಲ್ಲಿ ಸಿಕ್ಕಿತೋ ಅದನ್ನೇ ಎತ್ತಿ ಮುಂದಿಟ್ಟಿತು. ಅದರ ಲೋಕದಲ್ಲಿ ಬರೆದವನ ಮಾತಿಗೆ ಮಾತ್ರ ಬೆಲೆ. ಮೌನವಾಗಿದ್ದವನ ಸಾಧನೆ ಎಷ್ಟೇ ದೊಡ್ಡದಾಗಿದ್ದರೂ ಅದು ಲೆಕ್ಕಕ್ಕೆ ಬರುವುದಿಲ್ಲ. ನಾವು ಬರೆದಿಡದ ಜಾಗದಲ್ಲಿ ಇನ್ನೊಬ್ಬರು ಬರೆದದ್ದೇ ನಮ್ಮ ಪರಿಚಯವಾಗುತ್ತದೆ.

ಹೊರನಾಡ ಕನ್ನಡ ಸಂಸ್ಥೆಗಳಿಗೆ ಈ ಮಾತು ಇನ್ನಷ್ಟು ಸಲ್ಲುತ್ತದೆ. ಮುಂಬಯಿಯ ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರಲ್ಲಿ ಸ್ಥಾಪನೆಯಾದ ಸಂಸ್ಥೆ. ದೆಹಲಿ, ಪುಣೆ, ಚೆನ್ನೈ, ಹೈದರಾಬಾದುಗಳಲ್ಲಿಯೂ ಹಲವು ದಶಕಗಳಿಂದ ನಾಟಕ, ಯಕ್ಷಗಾನ, ತಾಳಮದ್ದಲೆ, ಉಪನ್ಯಾಸಗಳು ನಡೆಯುತ್ತ ಬಂದಿವೆ. ಇತ್ತೀಚಿನ ವರ್ಷಗಳಲ್ಲಿ ಇವುಗಳ ವೀಡಿಯೊ ಚಿತ್ರೀಕರಣವೂ ತಪ್ಪದೆ ಆಗುತ್ತಿದೆ. ಆದರೆ ನಮ್ಮ ಮಕ್ಕಳು ಹುಡುಕಾಟದ ಪೆಟ್ಟಿಗೆಯಲ್ಲಿ ‘ಮುಂಬಯಿ ತಾಳಮದ್ದಲೆ’ ಎಂದು ಕೇಳಿದರೆ ಅವುಗಳಲ್ಲಿ ಎಷ್ಟು ಕಣ್ಣಿಗೆ ಬಿದ್ದಾವು? ಕಾರ್ಯಕ್ರಮ ನಡೆದಿದೆ, ದಾಖಲೆಯೂ ಇದೆ, ಜಾಲತಾಣಕ್ಕೂ ಏರಿದೆ. ಆದರೂ ಹುಡುಕುವವರಿಗೆ ಸಿಗದು.

ಇದಕ್ಕೆ ಮೊದಲ ಕಾರಣ ಅಕ್ಷರದಲ್ಲೇ ಇದೆ. ಯೂನಿಕೋಡ್ ಶಿಷ್ಟತೆಯ ಮೊದಲ ಆವೃತ್ತಿ ಬಂದ 1991ರಲ್ಲಿಯೇ ಕನ್ನಡಕ್ಕೆ ಅದರಲ್ಲಿ ಸ್ಥಾನ ದೊರೆತಿತ್ತು. ಆದರೂ ಬಹುಕಾಲ ನಾವು ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿಯೇ ಬೆರಳಚ್ಚು ಮಾಡಿದೆವು. ಕನ್ನಡವು ಗಣಕಯಂತ್ರಕ್ಕೆ ಬಂದುದರಲ್ಲಿ ಆ ತಂತ್ರಾಂಶಗಳ ಉಪಕಾರ ದೊಡ್ಡದು, ಸಂದೇಹವಿಲ್ಲ. ಆದರೆ ಆ ಫಾಂಟುಗಳಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗೆ ಉಳಿಯುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಶೋಧಯಂತ್ರ ಓದುವುದು ಆ ಒಳಗಿನದನ್ನು. ಹೀಗಾಗಿ ಅಂತಹ ಪುಟಗಳೂ ಪಿಡಿಎಫ್ ಕಡತಗಳೂ ಅದರ ಪಾಲಿಗೆ ಕನ್ನಡವೇ ಅಲ್ಲ. ಸ್ಮರಣ ಸಂಚಿಕೆಯ ಹಾಳೆಗಳನ್ನು ಚಿತ್ರವಾಗಿ ಸ್ಕ್ಯಾನ್ ಮಾಡಿ ಹಾಕಿದರೂ ಯಂತ್ರವು ಅದನ್ನು ಸರಿಯಾಗಿ ಓದಿಕೊಂಡೀತೆಂದು ನೆಚ್ಚುವಂತಿಲ್ಲ. ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಉಚಿತವಾಗಿಯೇ ದೊರೆಯುತ್ತವೆ. ಪರಿವರ್ತಿಸಿದ ಮೇಲೆ ಕುಳಿತು ಕರಡು ತಿದ್ದುವವರು ಮಾತ್ರ ಬೇಕು.

ಎರಡನೆಯದು ವೀಡಿಯೊ. 2005ರಲ್ಲಿ ಯೂಟ್ಯೂಬ್ ಆರಂಭವಾಯಿತು. ಮರುವರ್ಷ ಗೂಗಲ್ ಅದನ್ನು ಕೊಂಡಿತು. 2007ರಿಂದ ಸಾಮಾನ್ಯ ಹುಡುಕಾಟದ ಫಲಿತಾಂಶಗಳ ನಡುವೆಯೇ ವೀಡಿಯೊಗಳೂ ಕಾಣಿಸತೊಡಗಿದವು. ಎರಡು ಗಂಟೆಯ ತಾಳಮದ್ದಲೆಯನ್ನು ಅಲ್ಲಿಗೆ ಏರಿಸಿ ‘ಕಾರ್ಯಕ್ರಮ ಭಾಗ 2’ ಎಂದು ಹೆಸರಿಟ್ಟರೆ ಅದು ಹೆಸರು ಬರೆಯದೆ ಅಟ್ಟಕ್ಕೆ ಸೇರಿಸಿದ ಪೆಟ್ಟಿಗೆಯಂತೆಯೇ ಸರಿ. ಪ್ರಸಂಗ ‘ಕೃಷ್ಣಸಂಧಾನ’ವೋ ‘ಕರ್ಣಪರ್ವ’ವೋ, ಭಾಗವತರು ಯಾರು, ಅರ್ಥಧಾರಿಗಳು ಯಾರು, ಯಾವ ಊರು, ಯಾವ ವರ್ಷ ಎಂಬ ವಿವರಗಳನ್ನು ಶೀರ್ಷಿಕೆ ಮತ್ತು ಟಿಪ್ಪಣಿಯಲ್ಲಿ ಬರೆದರೆ ಮಾತ್ರ ಅದಕ್ಕೆ ವಿಳಾಸ ಬರುತ್ತದೆ. ಕನ್ನಡವನ್ನು ರೋಮನ್ ಲಿಪಿಯಲ್ಲಿ ಬೆರಳಚ್ಚಿಸಿ ಹುಡುಕುವವರೂ ಬಹಳ ಮಂದಿ ಇರುವುದರಿಂದ ಮುಖ್ಯ ಹೆಸರುಗಳನ್ನು ಆ ಲಿಪಿಯಲ್ಲಿಯೂ ಒಮ್ಮೆ ಕೊಡುವುದು ವಿವೇಕ.

ಟಿಪ್ಪಣಿಯಲ್ಲಿ ಸಮಯಸೂಚಿ ಕೊಟ್ಟರೆ ಯೂಟ್ಯೂಬ್ ಅದನ್ನು ಅಧ್ಯಾಯಗಳಾಗಿ ವಿಂಗಡಿಸುತ್ತದೆ. ಮೊದಲ ಸಮಯ 00:00 ಎಂದಿರಬೇಕು, ಕನಿಷ್ಠ 3 ಅಧ್ಯಾಯಗಳಿರಬೇಕು, ಪ್ರತಿಯೊಂದೂ ಕನಿಷ್ಠ 10 ಸೆಕೆಂಡುಗಳದ್ದಾಗಿರಬೇಕು, ನಿಯಮ ಇಷ್ಟೇ. ಇನ್ನು ಉಪನ್ಯಾಸವಾದರೆ ಅದರ ಪೂರ್ಣಪಾಠವನ್ನು ಬರೆದು ಉಪಶೀರ್ಷಿಕೆಯಾಗಿ ಜೋಡಿಸುವುದು ಎಲ್ಲಕ್ಕಿಂತ ಶ್ರೇಷ್ಠ. ಯಂತ್ರಕ್ಕೆ ಮಾತ್ರವಲ್ಲ, ಕಿವಿ ಮಂದವಾದ ಹಿರಿಯರಿಗೂ, ಲಿಪಿಯನ್ನು ಈಗಷ್ಟೇ ಕಲಿಯುತ್ತಿರುವ ಹೊರನಾಡ ಮಕ್ಕಳಿಗೂ ಅದರಿಂದ ಉಪಕಾರ.

ವೀಡಿಯೊವನ್ನು ನಮ್ಮದೇ ಜಾಲತಾಣದಲ್ಲಿ ಇಡುವಾಗ ಇನ್ನೊಂದು ಎಚ್ಚರ ಬೇಕು. ಒಂದೇ ಪುಟದಲ್ಲಿ ಇಪ್ಪತ್ತು ವೀಡಿಯೊ ಜೋಡಿಸಿಡುವ ರೂಢಿ ನಮ್ಮಲ್ಲಿ ಹೆಚ್ಚು. ಗೂಗಲ್ 2023ರ ಡಿಸೆಂಬರಿನಲ್ಲಿ ತನ್ನ ವೀಡಿಯೊ ವಿಭಾಗದ ಕ್ರಮವನ್ನು ಬದಲಿಸಿ, ವೀಡಿಯೊವೇ ಮುಖ್ಯವಾಗಿರುವ ಪುಟಗಳನ್ನಷ್ಟೇ ಅಲ್ಲಿ ತೋರಿಸುವುದಾಗಿ ಪ್ರಕಟಿಸಿತು. ಆದ್ದರಿಂದ ಒಂದು ವೀಡಿಯೊಗೆ ಒಂದು ಪುಟ, ಆ ಪುಟದಲ್ಲಿ ಕಾರ್ಯಕ್ರಮದ ವರದಿ, ಎಂದೂ ಬದಲಾಗದ ವಿಳಾಸ ಇವು ಅಗತ್ಯ. 2011ರಲ್ಲಿ ಗೂಗಲ್, ಬಿಂಗ್, ಯಾಹೂ ಒಟ್ಟಾಗಿ ರೂಪಿಸಿದ ಸ್ಕೀಮಾ ಎಂಬ ಗುರುತುಪದ್ಧತಿಯಂತೆ ವೀಡಿಯೊದ ಹೆಸರು, ಕಿರುಚಿತ್ರ, ಏರಿಸಿದ ದಿನಾಂಕಗಳನ್ನು ಪುಟದ ಒಡಲಲ್ಲಿ ನಮೂದಿಸುವುದು ಜಾಲತಾಣ ನಿರ್ಮಿಸಿದವರಿಗೆ ಕೆಲವೇ ನಿಮಿಷಗಳ ಕೆಲಸ. ತಾಣಕ್ಕೆ ಹೊಸ ರೂಪ ಕೊಡುವ ಉತ್ಸಾಹದಲ್ಲಿ ಹಳೆಯ ವಿಳಾಸಗಳನ್ನೆಲ್ಲ ಅಳಿಸಿಬಿಡುವುದಂತೂ ನಮ್ಮ ಮನೆಯ ಬಾಗಿಲನ್ನು ನಾವೇ ಮುಚ್ಚಿಕೊಂಡಂತೆ. ಹಳೆಯದರಿಂದ ಹೊಸದಕ್ಕೆ ದಾರಿ ತೋರುವ ವ್ಯವಸ್ಥೆಯನ್ನು ಕೇಳಿ ಮಾಡಿಸಿಕೊಳ್ಳಬೇಕು.

‘ಇಷ್ಟೆಲ್ಲ ಏಕೆ, ವಾಟ್ಸಾಪಿನಲ್ಲಿ ಹಾಕಿದರೆ ಎಲ್ಲರಿಗೂ ತಲುಪುತ್ತದಲ್ಲ’ ಎನ್ನುವವರಿದ್ದಾರೆ. ತಲುಪುತ್ತದೆ, ಆ ದಿನ, ಆ ಗುಂಪಿನವರಿಗೆ. ಹತ್ತು ವರ್ಷಗಳ ಬಳಿಕ ಸಂಶೋಧನೆಗೆ ಕುಳಿತ ವಿದ್ಯಾರ್ಥಿಗೆ ಆ ಗುಂಪಿನ ಬಾಗಿಲು ತೆರೆಯದು. ಶೋಧಯಂತ್ರಕ್ಕೂ ಅಲ್ಲಿ ಪ್ರವೇಶವಿಲ್ಲ.

ಇನ್ನೊಂದು ತುದಿಯ ಅಪಾಯವನ್ನೂ ಹೇಳಬೇಕು. ನಿಮ್ಮ ತಾಣವನ್ನು ಮೊದಲ ಸ್ಥಾನಕ್ಕೆ ತರುತ್ತೇವೆಂದು ಮಾತು ಕೊಟ್ಟು ಸಂಸ್ಥೆಗಳಿಂದ ಹಣ ಕೇಳುವವರಿದ್ದಾರೆ. ಮೊದಲ ಸ್ಥಾನದ ಖಾತರಿಯನ್ನು ಯಾರೂ ಕೊಡಲಾರರೆಂದು ಗೂಗಲ್ ತನ್ನ ಮಾರ್ಗದರ್ಶಿಯಲ್ಲಿಯೇ ಹೇಳಿದೆ. ಪುಟದ ಒಡಲಲ್ಲಿ ನೂರಾರು ಪದಗಳನ್ನು ಮರೆಯಾಗಿ ತುರುಕುವ ಹಳೆಯ ಉಪಾಯಕ್ಕೂ ಈಗ ಬೆಲೆಯಿಲ್ಲ. ಕೀವರ್ಡ್ ಪಟ್ಟಿಯನ್ನು ಶ್ರೇಯಾಂಕಕ್ಕೆ ಪರಿಗಣಿಸುವುದಿಲ್ಲವೆಂದು ಅದೇ ಸಂಸ್ಥೆ 2009ರಲ್ಲಿ ಸ್ಪಷ್ಟಪಡಿಸಿತ್ತು. ದೇಣಿಗೆ ಎತ್ತಿ ನಡೆಯುವ ಸಂಘಗಳು ಇಂತಹ ಭರವಸೆಗಳಿಗೆ ಮರುಳಾಗಬಾರದು. ಜನರು ಯಾವ ಪದಗಳನ್ನು ಹುಡುಕಿ ನಮ್ಮಲ್ಲಿಗೆ ಬಂದರೆಂಬುದನ್ನು ತಿಳಿಸುವ ಸರ್ಚ್ ಕನ್ಸೋಲ್ ಎಂಬ ಸಾಧನ ಉಚಿತವಾಗಿದೆ. ಅದನ್ನು ತಿಂಗಳಿಗೊಮ್ಮೆ ತೆರೆದು ನೋಡಿದರೆ ತಿದ್ದಿಕೊಳ್ಳಬೇಕಾದದ್ದು ಬಹುಮಟ್ಟಿಗೆ ತಿಳಿಯುತ್ತದೆ.

ಈ ಕೆಲಸಕ್ಕೆ ಈಗ ಅವಸರವೂ ಕೂಡಿದೆ. ಹುಡುಕಿದವರಿಗೆ ಪುಟಗಳ ಪಟ್ಟಿಗಿಂತ ಮೇಲೆ, ಕೃತಕ ಬುದ್ಧಿಮತ್ತೆ ತಾನೇ ಬರೆದ ಸಾರಾಂಶವನ್ನು ಗೂಗಲ್ 2024ರ ಆಗಸ್ಟಿನಿಂದ ಭಾರತದಲ್ಲಿಯೂ ತೋರಿಸುತ್ತಿದೆ. ಹಿಂದೆ ಹತ್ತು ಕೊಂಡಿಗಳಿದ್ದವು. ಹತ್ತನೆಯದನ್ನೂ ಒತ್ತಿ ನೋಡುವ ತಾಳ್ಮೆಯವನು ಒಬ್ಬನಾದರೂ ಇದ್ದ. ಸಾರಾಂಶವನ್ನೇ ಓದಿ ತೃಪ್ತನಾದವನು ಕೆಳಗಿಳಿಯುವುದಿಲ್ಲ. ಆ ಸಾರಾಂಶ ಹುಟ್ಟುವುದೂ ಇರುವ ಬರಹಗಳಿಂದಲೇ. ಹೊರನಾಡ ಕನ್ನಡಿಗರ ರಂಗಭೂಮಿಯ ಬಗ್ಗೆ ಯಾರಾದರೂ ಕೇಳಿದಾಗ ನಮ್ಮ ಬರಹ ಅಲ್ಲಿರದಿದ್ದರೆ, ಅರೆತಿಳಿವಿನ ಯಾವುದೋ ಪುಟವೇ ನಮ್ಮ ಪರವಾಗಿ ಮಾತನಾಡುತ್ತದೆ. 2021ರಂತೆ ಆಗಲೂ ನಾವು ಕೆರಳಬಹುದು, ಕ್ಷಮೆಯೂ ದೊರೆಯಬಹುದು. ನಮ್ಮ ಚರಿತ್ರೆ ಮಾತ್ರ ಅದರಿಂದ ದಾಖಲಾಗುವುದಿಲ್ಲ.

ಆದುದರಿಂದ ಪ್ರತಿಯೊಂದು ಸಂಘದ ಕಾರ್ಯಕಾರಿ ಸಮಿತಿಯೂ ಮುಂದಿನ ಸಭೆಯಲ್ಲಿ ಒಂದು ಸಣ್ಣ ನಿರ್ಣಯ ಕೈಗೊಳ್ಳಲೆಂದು ನಮ್ಮ ಸೂಚನೆ. ಕಾರ್ಯಕ್ರಮದ ವೆಚ್ಚದಲ್ಲಿ ಛಾಯಾಗ್ರಾಹಕರಿಗೆ ತೆಗೆದಿರಿಸುವಂತೆ ಬರೆಯುವವರಿಗೂ ಒಂದಿಷ್ಟು ತೆಗೆದಿರಿಸಬೇಕು. ಹಳೆಯ ಕಲಾವಿದರ ಮುಖ ನೋಡಿದೊಡನೆ ಹೆಸರು ಹೇಳಬಲ್ಲ ಹಿರಿಯರೊಬ್ಬರನ್ನೂ ಯೂನಿಕೋಡಿನಲ್ಲಿ ಬೆರಳಚ್ಚು ಮಾಡಬಲ್ಲ ಯುವಕ ಅಥವಾ ಯುವತಿಯೊಬ್ಬರನ್ನೂ ವಾರಕ್ಕೊಮ್ಮೆ ಒಟ್ಟಿಗೆ ಕೂರಿಸಬೇಕು. ತಂತ್ರಜ್ಞಾನ ಎಂದಾದರೂ ಕಲಿಯಬಹುದು. ಆ ಹಿರಿಯರ ನೆನಪು ಎಂದೆಂದಿಗೂ ಕಾದಿರುವುದಿಲ್ಲ.