ವಾಹನ ವಿಚಾರ: ಗೇರ್‌ಬಾಕ್ಸ್ ಬದಲಿಸುವ ಮುನ್ನ

ಉಮರ್ಗಾ, ನಿಲಂಗಾ, ಉದಗೀರ ಕಡೆಯ ನಮ್ಮ ವ್ಯಾಪಾರಸ್ಥರ ಮನೆಗಳಲ್ಲೂ ಈಗ ಕ್ಲಚ್ ಪೆಡಲ್ ಇಲ್ಲದ, ತಾನೇ ಗೇರು ಬದಲಿಸುವ ಕಾರುಗಳು ಬಂದಿವೆ. 2014ರಲ್ಲಿ ಮಾರುತಿ ಸೆಲೆರಿಯೊ ಬಂದ ಮೇಲೆ ಸಣ್ಣ ಕಾರು ಕೊಳ್ಳುವವರಿಗೂ ಇದು ಎಟುಕಿತು. ಮೊಣಕಾಲು ನೋವಿನ ಹಿರಿಯರಿಗೂ, ಹೊಸದಾಗಿ ಕಲಿತವರಿಗೂ ಅನುಕೂಲವೇ ಸರಿ. ಆದರೆ ಕಾರು ತಕರಾರು ಮಾಡಿದಾಗ “ಗೇರ್‌ಬಾಕ್ಸೇ ಹೋಗಿದೆ, ಪೂರಾ ಬದಲಿಸಬೇಕು” ಎಂದರೆ ಮನೆಮಂದಿಯೆಲ್ಲ ಗಾಬರಿಯಾಗುತ್ತಾರೆ. ಚೀಲಕ್ಕೆ ಸೂಜಿ ಹಾಕಿ ಕಾಳು ನೋಡದೆ ತೊಗರಿಗೆ ದರ ಕಟ್ಟದ ನಾವು, ಇಲ್ಲಿ ಮಾತ್ರ ನೋಡದೆ ಹೂಂ ಎನ್ನುವುದೇಕೆ?

ಮೊದಲು ನಿಮ್ಮ ಕಾರು ಯಾವ ಬಗೆಯದೆಂದು ತಿಳಿಯಿರಿ. ಬಗೆ ನಾಲ್ಕು. ಎಎಂಟಿ ಎಂದರೆ ಹಳೆಯ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರು ಹಾಕುವ ಕೆಲಸವನ್ನು ಯಂತ್ರ ಮಾಡುತ್ತದೆ. ಗೇರು ಬದಲಾಗುವಾಗ ತಲೆ ತುಸು ತೂಗಿದಂತಾಗುವುದು ಅದರ ಸ್ವಭಾವ, ರೋಗವಲ್ಲ. ಟಾರ್ಕ್ ಕನ್ವರ್ಟರ್ ಬಗೆಯಲ್ಲಿ ಎಂಜಿನ್ನಿನ ಶಕ್ತಿ ಎಣ್ಣೆಯ ಮೂಲಕ ಸಾಗುತ್ತದೆ. ಸಿವಿಟಿಯಲ್ಲಿ ಗೇರಿನ ಬದಲು ಎರಡು ಪುಲ್ಲಿ ಮತ್ತು ಒಂದು ಬೆಲ್ಟು. ಜೋರಾಗಿ ಒತ್ತಿದಾಗ ಎಂಜಿನ್ ಸದ್ದು ಮುಂದೆ ಹೋಗಿ ವೇಗ ಹಿಂದೆ ಬರುವುದು ಅದಕ್ಕೆ ಸಹಜ. ಡಿಸಿಟಿಯಲ್ಲಿ ಎರಡು ಕ್ಲಚ್‌ಗಳಿರುತ್ತವೆ.

ಇನ್ನು ಲಕ್ಷಣಗಳು. ಲಿವರ್ ‘ಪಿ’ಯಿಂದ ಕದಲುವುದೇ ಇಲ್ಲವೆ? ಬ್ರೇಕ್ ಒತ್ತಿ, ಹಿಂದಿನ ಕೆಂಪು ದೀಪ ಹತ್ತುತ್ತದೆಯೇ ನೋಡಲು ಮಗನಿಗೆ ಹೇಳಿ. ಹತ್ತದಿದ್ದರೆ ತಪ್ಪು ಬಹುಮಟ್ಟಿಗೆ ಬ್ರೇಕ್ ಸ್ವಿಚ್ಚಿನದು ಅಥವಾ ಫ್ಯೂಸಿನದು. ಸಣ್ಣ ಖರ್ಚಿನ ಕೆಲಸ. ಬ್ಯಾಟರಿ ದುರ್ಬಲವಾದರೂ ಗೇರು ನಡೆಸುವ ಕಂಪ್ಯೂಟರ್ ಗಲಿಬಿಲಿಗೊಂಡು ತಪ್ಪು ದೀಪ ಹತ್ತಿಸುತ್ತದೆ. ಗೇರು ಹಾಕಿದೊಡನೆ ಧಡ್ ಎಂದರೆ ಎಂಜಿನ್ ಕೂರಿಸಿದ ರಬ್ಬರು ಹರಿದಿರಬಹುದು. ಕಾರು ನಡುಗಿದರೆ ಸ್ಪಾರ್ಕ್ ಪ್ಲಗ್ಗಿನ ದೋಷವೂ ಇರಬಹುದು. ಇವನ್ನೆಲ್ಲ ನೋಡಿದ ಮೇಲೆಯೇ ಗೇರ್‌ಬಾಕ್ಸಿನ ಸರದಿ.

ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಕೂಗಿ, ವೇಗ ಏರದಿದ್ದರೆ (ಸಿವಿಟಿಯಲ್ಲಾದರೆ ವೇಗ ಕೊನೆಗೂ ಬಾರದಿದ್ದರೆ) ಒಳಗೆ ಜಾರುತ್ತಿದೆ ಎಂದರ್ಥ. ಎಎಂಟಿಯಲ್ಲಾದರೆ ಕ್ಲಚ್ ಪ್ಲೇಟ್ ಸವೆದಿದೆ. ಅದನ್ನಷ್ಟೇ ಬದಲಿಸಿದರೆ ಸಾಮಾನ್ಯವಾಗಿ ಸಾಕು. ಟಾರ್ಕ್ ಕನ್ವರ್ಟರಿನಲ್ಲಾದರೆ ಎಣ್ಣೆ ನೋಡಬೇಕು. ಹೊಸತಿದ್ದಾಗ ಅದು ಸಾಮಾನ್ಯವಾಗಿ ಕೆಂಪು. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಒಳಗಿನ ಪ್ಲೇಟುಗಳು ಬೆಂದಿವೆ. ಗುಲಾಬಿ ಹಾಲಿನಂತಾಗಿದ್ದರೆ ರೇಡಿಯೇಟರಿನ ನೀರು ಸೇರಿದೆ. ಎಂಜಿನ್ ಚಾಲೂ ಮಾಡದೆ ಎತ್ತಿಸಿಕೊಂಡು ಹೋಗಿ. ಒಂದು ಬಗೆಯ ಎಣ್ಣೆ ಇನ್ನೊಂದಕ್ಕೆ ಆಗದು. ಸಿವಿಟಿಗೆ ಬೇರೆ ಎಣ್ಣೆ ಸುರಿದರೆ ಒಳ್ಳೆಯ ಗೇರ್‌ಬಾಕ್ಸೂ ಕೆಡುತ್ತದೆ.

ನಮ್ಮ ಕಡೆಯ ರಸ್ತೆಯ ಗುಣವನ್ನೂ ಹೇಳಬೇಕು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಕಬ್ಬಿನ ಹಂಗಾಮಿನಲ್ಲಿ ಟ್ರಾಲಿಗಳ ಹಿಂದೆ ತೆವಳಬೇಕು. ಹೀಗೆ ತೆವಳುವಾಗ ಎಎಂಟಿ, ಡಿಸಿಟಿಗಳ ಕ್ಲಚ್ ಅರ್ಧ ಹಿಡಿದು ಅರ್ಧ ಬಿಟ್ಟು ಕಾಯುತ್ತದೆ. ಇಂಚಿಂಚು ಸರಿಯುವ ಬದಲು ನಾಲ್ಕು ಮಾರು ಜಾಗವಾಗಲು ಬಿಟ್ಟು ಮುಂದೆ ಹೋಗಿ. ಏರಿನಲ್ಲಿ ನಿಂತಾಗ ಆಕ್ಸಿಲರೇಟರಿನಿಂದ ಕಾರು ಹಿಡಿದು ನಿಲ್ಲಿಸಬೇಡಿ; ಬ್ರೇಕ್ ಒತ್ತಿ. ಬಿಸಿಯ ಸೂಚನೆ ಬಂದರೆ ಬದಿಗೆ ನಿಲ್ಲಿಸಿ ತಣಿಯಲು ಬಿಡಿ.

ಜಾರುವ ಲಕ್ಷಣ ಕಂಡ ಕಾರನ್ನು ಉಮರ್ಗಾದ ಮೇಲೆ ಹಾಯುವ ಸೋಲಾಪುರ–ಹೈದರಾಬಾದ್ ಹೆದ್ದಾರಿಗೆ ಒಯ್ಯಬೇಡಿ. ಲಾರಿಯನ್ನು ದಾಟುವ ಹೊತ್ತಿಗೆ ವೇಗ ಬಾರದಿದ್ದರೆ ಹೋಗುವುದು ಹಣವಲ್ಲ, ಮನೆಯವರ ಜೀವ.

ರಿಪೇರಿಗೆ ಲಾತೂರು, ಸೋಲಾಪುರ ಅಥವಾ ಬೀದರಿಗೆ ಹೋಗುವುದಾದರೆ ಕಿರ್ದಿ ಬರೆದಂತೆ ಬರೆದಿಟ್ಟುಕೊಂಡು ಹೋಗಿ: ಎಂಜಿನ್ ತಣ್ಣಗಿದ್ದಾಗ ಆಯಿತೋ, ಬಿಸಿಯಾದ ಮೇಲೋ; ಯಾವ ಗೇರಿನಲ್ಲಿ; ಎಣ್ಣೆ ಬದಲಿಸಿದ್ದು ಎಂದು. ಸ್ಕ್ಯಾನರ್ ಹಾಕಿಸಿ ಸಂಕೇತಗಳನ್ನು ಬರೆದು ಕೇಳಿ. ಪಿ 0700 ಎಂದು ಬಂದರೆ ಅದು ತೀರ್ಪಲ್ಲ. ಗೇರ್‌ಬಾಕ್ಸಿನ ಕಂಪ್ಯೂಟರನ್ನು ವಿಚಾರಿಸು ಎಂಬ ಚೀಟಿ ಮಾತ್ರ. ಒಳಗಿನ ಸಂಕೇತ ಓದಿಸದೆ ಒಪ್ಪಿಗೆ ಕೊಡಬೇಡಿ. ಬದಲಿಸಿದ ಹಳೆಯ ಬಿಡಿಭಾಗ ಕೇಳಿ ನೋಡಿ.

ಕಾರು ದಾರಿಯಲ್ಲೇ ನಿಂತರೆ ಹಗ್ಗ ಕಟ್ಟಿ ಎಳೆಸಬೇಡಿ. ಎಂಜಿನ್ ನಿಂತಾಗ ಒಳಗೆ ಎಣ್ಣೆ ಹರಿಯದೆ, ಚಕ್ರ ತಿರುಗಿದಷ್ಟೂ ಹಲವು ಗೇರ್‌ಬಾಕ್ಸ್‌ಗಳು ಸವೆಯುತ್ತವೆ. ಹಲಗೆಯ ವಾಹನದ ಮೇಲೇರಿಸಿ ಒಯ್ಯಿರಿ. ಬಾಡಿಗೆ ಹೆಚ್ಚೆನಿಸಿದರೂ ಅದೇ ಉಳಿತಾಯ.